ಕಚ್ಚೆಪಂಚೆಯ ಸ್ಪೈಡರ್‌ಮ್ಯಾನ್

(ಬಸವನಗುಡಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಅಮೆರಿಕದ ಮಾರ್ವೆಲ್ ಸಂಸ್ಥೆ 2011ರ ಆಗಸ್ಟ್‌ನಲ್ಲಿ ಹೊರತಂದ ಒಂದು ಕಾಮಿಕ್ಸ್ ಪುಸ್ತಕದಲ್ಲಿ ಸ್ಪೈಡರ್‌ಮ್ಯಾನ್ ತನ್ನ ಮುಖವಾಡವನ್ನು ಕಳಚುತ್ತಾನೆ. ಸುಮಾರು ಐವತ್ತು ವರ್ಷಗಳಿಂದ ಓದುಗರು ಬಲ್ಲ ಪೀಟರ್ ಪಾರ್ಕರ್‌ನ ಬಿಳಿಯ ಮುಖ ಅಲ್ಲಿಲ್ಲ. ಇರುವವನು ಮೈಲ್ಸ್ ಮೊರಾಲೆಸ್ ಎಂಬ ಎಳೆಯ ಹುಡುಗ. ತಂದೆ ಆಫ್ರಿಕಾ ಮೂಲದ ಅಮೆರಿಕನ್, ತಾಯಿ ಪೋರ್ಟೊರಿಕೊ ಮೂಲದವಳು. ಮೂರು ವರ್ಷಗಳ ನಂತರ, 2014ರಲ್ಲಿ, ಅದೇ ಸಂಸ್ಥೆ ‘ಮಿಸ್ ಮಾರ್ವೆಲ್’ ಎಂಬ ತನ್ನ ಹಳೆಯ ಬಿರುದೊಂದನ್ನು ಕಮಲಾ ಖಾನ್ ಎಂಬ ಹುಡುಗಿಗೆ ತೊಡಿಸಿತು. ಆಕೆ ನ್ಯೂಜೆರ್ಸಿಯಲ್ಲಿ ಬೆಳೆದವಳು, ಪಾಕಿಸ್ತಾನದಿಂದ ಬಂದು ನೆಲೆಸಿದ ಮುಸ್ಲಿಂ ದಂಪತಿಯ ಮಗಳು.

ಹಳೆಯ ಓದುಗರಲ್ಲಿ ಹಲವರು ಸಿಡುಕಿದರು. ಅವರ ವಾದ ಸರಳವಾದದ್ದು. ಕರಿಯ ವೀರ ಬೇಕಾದರೆ, ಮುಸ್ಲಿಂ ನಾಯಕಿ ಬೇಕಾದರೆ ಹೊಸಬರನ್ನು ಸೃಷ್ಟಿಸಿಕೊಳ್ಳಿ, ಬೇಡವೆಂದವರು ಯಾರು? ನಾವು ಬಾಲ್ಯದಿಂದ ಪ್ರೀತಿಸಿದ ವೀರನನ್ನೇ ಏಕೆ ತಿದ್ದುತ್ತೀರಿ?

ಈ ಮಾತು ಬಸವನಗುಡಿಯವರಿಗೆ ಎಲ್ಲೋ ಕೇಳಿದ ಹಾಗೆ ಅನ್ನಿಸಬೇಕು. 1944ರಲ್ಲಿ ಕುವೆಂಪು ಅವರ ‘ಶೂದ್ರ ತಪಸ್ವಿ’ ನಾಟಕ ಪ್ರಕಟವಾಯಿತು. ತಪಸ್ಸು ಮಾಡಿದ ತಪ್ಪಿಗೆ ಶಂಬೂಕನ ತಲೆಯನ್ನು ರಾಮನು ಕಡಿದನೆಂಬುದು ಹಳೆಯ ಕಥೆ. ಕುವೆಂಪು ಅವರ ನಾಟಕದಲ್ಲಿ ರಾಮನು ಬಿಟ್ಟ ಅಸ್ತ್ರ ಶಂಬೂಕನನ್ನು ಮುಟ್ಟದೆ, ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಅವನು ಶಂಬೂಕನಿಗೆ ತಲೆಬಾಗಿದ ಮೇಲಷ್ಟೇ ಅದು ಶಾಂತವಾಗುತ್ತದೆ. ಇದಕ್ಕೆ ಆಕ್ಷೇಪ ಎತ್ತಿದವರು ಗವಿಪುರದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ಹೊಸ ಭಾವನೆಯನ್ನು ಹೇಳಬೇಕಿದ್ದರೆ ಹೊಸ ಕಥೆಯನ್ನೇ ಕಟ್ಟಬಹುದು, ಜನ ತಲೆತಲಾಂತರದಿಂದ ನಂಬಿದ ಕಥೆಯನ್ನು ಅದಕ್ಕಾಗಿ ತಿದ್ದಬಾರದು ಎಂಬುದು ಅವರ ಮಾತಿನ ತಿರುಳು. ಕುವೆಂಪು ಒಪ್ಪಲಿಲ್ಲ. ಐದು ವರ್ಷಗಳ ನಂತರ ಬಂದ ‘ಶ್ರೀರಾಮಾಯಣ ದರ್ಶನಂ’ನಲ್ಲಿ ಅವರು ಸೀತೆಯೊಡನೆ ರಾಮನನ್ನೂ ಅಗ್ನಿಪ್ರವೇಶ ಮಾಡಿಸಿದರು.

ಮಾಸ್ತಿಯವರ ಆಕ್ಷೇಪವನ್ನು ಹಳೆಯ ಕಾಲದವರ ಹಟವೆಂದು ತಳ್ಳಿಹಾಕುವಂತಿಲ್ಲ. ಕಥೆ ಒಂದು ಜನಸಮುದಾಯದ ನಂಬಿಕೆಯಾದಾಗ ಅದನ್ನು ಮುಟ್ಟುವವನಿಗೆ ಹೊಣೆ ಇರಬೇಕು ಎಂಬುದು ಅದರ ಒಳಗಿನ ಕಾಳಜಿ. ಆದರೆ ಕನ್ನಡದ ಮಟ್ಟಿಗೆ ಚರಿತ್ರೆ ಕುವೆಂಪು ಅವರ ಪಕ್ಷದಲ್ಲಿದೆ. ನಮ್ಮ ಆದಿಕವಿಯೇ ತಿದ್ದಿದವನು. ಪಂಪನು 941ರಲ್ಲಿ ಭಾರತವನ್ನು ಬರೆದಾಗ ಅರ್ಜುನನ ಮುಖಕ್ಕೆ ತನ್ನ ಆಶ್ರಯದಾತ ಅರಿಕೇಸರಿಯ ಮುಖವನ್ನು ಹೊಂದಿಸಿದ. ಹಾಗೆ ಹೊಂದಿಸಿದ ಮೇಲೆ ರಾಜನ ಹೆಂಡತಿಯನ್ನು ಐವರಿಗೆ ಹಂಚಲಾದೀತೆ? ದ್ರೌಪದಿ ಅರ್ಜುನನೊಬ್ಬನ ಪತ್ನಿಯಾದಳು. ರನ್ನನ ಸರದಿ ಬಂದಾಗ ಚಾಲುಕ್ಯ ಸತ್ಯಾಶ್ರಯನಿಗಾಗಿ ಭೀಮನು ಮುಂದಿನ ಸಾಲಿಗೆ ಬಂದ. ಜೈನ ಸಂಪ್ರದಾಯವನ್ನು ಹಿಡಿದ ನಾಗಚಂದ್ರನಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ, ರಾಮನಲ್ಲ. ಇಷ್ಟೆಲ್ಲ ಆದ ಮೇಲೂ ನಮ್ಮ ರಾಮಾಯಣ, ಭಾರತಗಳಿಗೆ ಏನೂ ಆಗಿಲ್ಲ. ಹೆಸರು, ಬಿಲ್ಲು, ಗದೆ ಹಾಗೆಯೇ ಇವೆ, ಒಳಗಿನ ಮನುಷ್ಯ ಆಯಾ ಕಾಲದವನು. ಯಕ್ಷಗಾನ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವೇಷ ಪ್ರಸಂಗದ್ದು, ವೇಷಧಾರಿ ಈ ರಾತ್ರಿಯವನು.

ಆದ್ದರಿಂದ ಹಳೆಯ ವೀರರನ್ನು ಬದಲಿಸಬಹುದೇ ಎಂಬ ಪ್ರಶ್ನೆ ಕನ್ನಡಿಗರಿಗೆ ದೊಡ್ಡದಲ್ಲ. ಬದಲಿಸುವ ಲೇಖನಿ ಯಾರ ಕೈಯಲ್ಲಿದೆ, ಆ ಕೈಗೆ ಬರೆಯುವ ಹಕ್ಕು ಹೇಗೆ ಬಂತು ಎಂಬುದು ದೊಡ್ಡ ಪ್ರಶ್ನೆ. ಈ ಲೇಖನಿ ಬೆಂಗಳೂರಿನವರ ಕೈಗೆ ಎರಡು ಸಲ ಬಂದಿತ್ತು. ಅದರ ಕಥೆಗೆ ಹೋಗುವ ಮೊದಲು ಅಮೆರಿಕದ ವ್ಯವಹಾರವನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ಪಂಪನ ಭಾರತಕ್ಕೆ ಮಾಲೀಕರಿರಲಿಲ್ಲ. ಸೂಪರ್‌ಮ್ಯಾನ್‌ಗೆ ಇದ್ದಾರೆ. ಅವನನ್ನು ಸೃಷ್ಟಿಸಿದವರು ಕ್ಲೀವ್‌ಲ್ಯಾಂಡ್ ನಗರದಲ್ಲಿ ಬೆಳೆದ ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಯುವಕರು. ಇಬ್ಬರೂ ಯುರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳವರು. ಬೇರೊಂದು ಲೋಕ ನಾಶವಾದಾಗ ತೊಟ್ಟಿಲಿನಷ್ಟೇ ನೌಕೆಯಲ್ಲಿ ಭೂಮಿಗೆ ಬಂದಿಳಿದ ಮಗು, ತನ್ನ ಮೂಲ ಹೆಸರನ್ನು ಮುಚ್ಚಿಟ್ಟು ಕ್ಲಾರ್ಕ್ ಕೆಂಟ್ ಎಂಬ ಹೆಸರಿನಲ್ಲಿ ನಗರದಲ್ಲಿ ನೌಕರಿ ಮಾಡುವುದು ವಲಸೆಗಾರರ ಮಕ್ಕಳಿಗಲ್ಲದೆ ಬೇರೆ ಯಾರಿಗೆ ಹೊಳೆದೀತು? 1938ರಲ್ಲಿ ಆ ಪಾತ್ರದ ಹಕ್ಕನ್ನು ಅವರು ಪ್ರಕಾಶಕರಿಗೆ 130 ಡಾಲರ್‌ಗೆ ಮಾರಿದರು. ಅಲ್ಲಿಂದ ಮುಂದೆ ಸೂಪರ್‌ಮ್ಯಾನ್ ಏನು ಮಾಡಬೇಕು, ಯಾರನ್ನು ಮದುವೆಯಾಗಬೇಕು, ಸಾಯಬೇಕೇ, ಎದ್ದು ಬರಬೇಕೇ ಎಂಬುದನ್ನೆಲ್ಲ ಕಂಪನಿ ನಿರ್ಧರಿಸುತ್ತದೆ. ಲೇಖಕರು, ಚಿತ್ರಕಾರರು ಪಾಳಿಯ ಮೇಲೆ ಬಂದು ಹೋಗುವವರು.

ಹೀಗಾಗಿ ಈ ವೀರರಿಗೆ ವಯಸ್ಸಾಗುವುದಿಲ್ಲ. ಓದುಗರಿಗೆ ಮಾತ್ರ ಆಗುತ್ತದೆ. ಮೊದಲ ತಲೆಮಾರಿನ ಓದುಗರು ಅಜ್ಜಂದಿರಾದಾಗ ಕಂಪನಿಗೆ ಹೊಸ ಮಕ್ಕಳು ಬೇಕು, ಆ ಮಕ್ಕಳ ಮುಖ ಅಜ್ಜಂದಿರ ಮುಖದಂತಿಲ್ಲ. ವೈವಿಧ್ಯ ಬಂದದ್ದರಲ್ಲಿ ನ್ಯಾಯಬುದ್ಧಿ ಎಷ್ಟಿದೆಯೋ ವ್ಯಾಪಾರವೂ ಅಷ್ಟೇ ಇದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಪಂಪನೂ ಅರಿಕೇಸರಿಯ ಆಸ್ಥಾನದಲ್ಲೇ ಇದ್ದವನು. ಆದರೆ ಹಿಂದೆ ಅದೇ ವ್ಯಾಪಾರವೇ ಬಾಗಿಲನ್ನು ಮುಚ್ಚಿತ್ತು ಎಂಬುದನ್ನೂ ಮರೆಯಬಾರದು. ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಾರೆಂಬ ಕೂಗೆದ್ದಾಗ ಅಮೆರಿಕದ ಪ್ರಕಾಶಕರು 1954ರಲ್ಲಿ ತಾವೇ ಒಂದು ನಿಯಂತ್ರಣ ಮಂಡಳಿಯನ್ನು ಮಾಡಿಕೊಂಡರು. 1956ರಲ್ಲಿ ಇಸಿ ಎಂಬ ಸಂಸ್ಥೆ ತನ್ನ ಹಳೆಯ ಕಥೆಯೊಂದನ್ನು ಮತ್ತೆ ಅಚ್ಚು ಮಾಡಲು ಹೊರಟಿತು. ಎರಡು ಬಣ್ಣದ ಯಂತ್ರಮಾನವರು ಪರಸ್ಪರ ಮೇಲು ಕೀಳು ಎಂದು ಬೇರ್ಪಟ್ಟು ಬದುಕುವ ಗ್ರಹಕ್ಕೆ ಭೂಮಿಯಿಂದ ಒಬ್ಬ ಪರೀಕ್ಷಕ ಹೋಗುತ್ತಾನೆ. ಈ ಗ್ರಹಕ್ಕೆ ಇನ್ನೂ ಯೋಗ್ಯತೆ ಬಂದಿಲ್ಲವೆಂದು ತೀರ್ಪು ಕೊಟ್ಟು, ಹಿಂತಿರುಗುವ ದಾರಿಯಲ್ಲಿ ಶಿರಸ್ತ್ರಾಣ ತೆಗೆಯುತ್ತಾನೆ. ಅವನು ಕರಿಯ. ಇಡೀ ಕಥೆ ಆ ಕೊನೆಯ ಚೌಕಕ್ಕಾಗಿಯೇ ಇತ್ತು. ಅವನನ್ನು ಬಿಳಿಯನನ್ನಾಗಿ ಮಾಡಿ ಎಂದಿತು ಮಂಡಳಿ! ಪ್ರಕಾಶಕ ಗೇನ್ಸ್ ಒಪ್ಪದೆ, ಇದ್ದಂತೆಯೇ ಅಚ್ಚು ಹಾಕಿಸಿದ. ಆ ಸಂಸ್ಥೆಯ ಕೊನೆಯ ಕಾಮಿಕ್ಸ್ ಪುಸ್ತಕ ಅದೇ ಆಯಿತು. ಮಾರ್ವೆಲ್‌ನ ಮೊದಲ ಕರಿಯ ಮಹಾವೀರ ‘ಬ್ಲ್ಯಾಕ್ ಪ್ಯಾಂಥರ್’ ಬರಲು ಇನ್ನೂ ಹತ್ತು ವರ್ಷ, 1966ರವರೆಗೆ, ಕಾಯಬೇಕಾಯಿತು. ಅವನದೇ ದೊಡ್ಡ ಸಿನಿಮಾ ಬಂದದ್ದು 2018ರಲ್ಲಿ.

ಇಲ್ಲಿಂದ ಬೆಂಗಳೂರಿಗೆ ಬರೋಣ.

1960ರ ದಶಕದ ನಡುವಿನಲ್ಲಿ ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಪುಸ್ತಕಗಳನ್ನು ಬೆಂಗಳೂರಿನಲ್ಲಿ ಮಾರುತ್ತಿದ್ದವರು ಜಿ.ಕೆ. ಅನಂತರಾಂ. ಮಕ್ಕಳ ಕಾಮಿಕ್ಸ್ ಕನ್ನಡದಲ್ಲಿ ಬಂದರೆ ಮಾರಾಟವಾಗುತ್ತದೆ ಎಂದು ಅವರಿಗೆ ಅನ್ನಿಸಿತು. ಮುಂಬಯಿಯ ಮಾಲೀಕ ಮೀರ್‌ಚಂದಾನಿಯವರನ್ನು ಒಪ್ಪಿಸಿದರು. 1965ರಲ್ಲಿ ಕನ್ನಡದಲ್ಲಿ ಪುಸ್ತಕಗಳು ಬಂದವು. ಹೆಸರು ‘ಅಮರ ಚಿತ್ರ ಕಥೆ’. ಕಥೆಗಳು ಸಿಂಡರೆಲ್ಲಾ, ಅಲ್ಲಾದೀನ, ಪಿನೋಕಿಯೊ ಮುಂತಾದ ಹೊರಗಿನವು. ಪುಸ್ತಕಗಳು ಚೆನ್ನಾಗಿ ಮಾರಾಟವಾದವು. ಆ ಧೈರ್ಯದ ಮೇಲೆ ಮುಂಬಯಿಯವರು ಇಂಗ್ಲಿಷಿನಲ್ಲೂ ಮಾಡಲು ಮುಂದಾದರು. ಕೆಲಸ ವಹಿಸಿಕೊಂಡವರು ಕಾರ್ಕಳದ ಅನಂತ ಪೈ. ಅವರ ‘ಕೃಷ್ಣ’ದಿಂದ ಮುಂದಿನದು ದೇಶಕ್ಕೆಲ್ಲ ಗೊತ್ತಿರುವ ಸಂಗತಿ. ಗೊತ್ತಿಲ್ಲದ ಸಂಗತಿಯೆಂದರೆ ‘ಕೃಷ್ಣ’ದ ಮೇಲೆ ಇರುವ ಸಂಖ್ಯೆ 11. ಮೊದಲ ಹತ್ತು ಎಲ್ಲಿ ಎಂದು ಇಂಗ್ಲಿಷ್ ಓದುಗರು ತಲೆ ಕೆರೆದುಕೊಂಡರೆ ಉತ್ತರ ಕನ್ನಡದಲ್ಲಿದೆ. ಅನಂತರಾಂ ಅವರೇ ಹಾಗೆಂದು ಹೇಳಿದ್ದಾರೆ.

ಭಾರತದ ಅತ್ಯಂತ ಹೆಸರಾದ ಕಾಮಿಕ್ಸ್ ಮಾಲೆ ಹುಟ್ಟಿದ್ದು ಕನ್ನಡದಲ್ಲಿ. ಅಲ್ಲಿಂದ ಅದು ಬೆಳೆದದ್ದು ಮುಂಬಯಿಯಲ್ಲಿ, ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಆಮೇಲೆ ಬಂದದ್ದು ಅಲ್ಲಿಂದ ಅನುವಾದವಾಗಿ. ಅನಂತ ಪೈ ನಮ್ಮ ಕರಾವಳಿಯವರೇ ಎಂಬುದು ಸಮಾಧಾನದ ಮಾತು ಅಷ್ಟೆ. ಆ ಮಾಲೆಯಲ್ಲಿ ದೇವರುಗಳಿಗೆ ತಿಳಿಬಣ್ಣ, ಅಸುರರಿಗೆ ಕಡುಬಣ್ಣ ಬಳಿಯುತ್ತಿದ್ದುದನ್ನು ಅನಂತರ ಹಲವು ವಿದ್ವಾಂಸರು ಟೀಕಿಸಿದ್ದಾರೆ. ಟೀಕೆ ನ್ಯಾಯವಾದದ್ದೇ. ನಮ್ಮ ಮನೆಗಳ ಗೋಡೆಯ ಕ್ಯಾಲೆಂಡರುಗಳೂ ಅದನ್ನೇ ಮಾಡುತ್ತಿದ್ದವು.

ಅದೇ ಕಾಲದಲ್ಲಿ ಇನ್ನೊಂದು ಮಾಲೆ ಮಕ್ಕಳ ಕೈಯಲ್ಲಿತ್ತು. ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚ್‌ನಲ್ಲಿ ಆರಂಭಿಸಿದ ಇಂದ್ರಜಾಲ ಕಾಮಿಕ್ಸ್. ಚಾಮರಾಜಪೇಟೆ, ಮಲ್ಲೇಶ್ವರಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ದಿನಬಾಡಿಗೆಗೆ ಪುಸ್ತಕ ತಂದು ಓದಿದವರಿಗೆ ಅದರ ಮುಖ್ಯ ವೀರ ಫ್ಯಾಂಟಮ್‌ನ ನೆನಪು ಇದ್ದೇ ಇರುತ್ತದೆ. ಕಾಡಿನ ಜನ ಅವನನ್ನು ನಾನೂರು ವರ್ಷಗಳಿಂದ ಸಾಯದವನು ಎಂದು ತಿಳಿದಿದ್ದಾರೆ. ನಿಜದಲ್ಲಿ ತಂದೆಯ ಮುಖವಾಡವನ್ನು ಮಗ ಧರಿಸುತ್ತ ಬಂದು ಈಗಿನವನು ಇಪ್ಪತ್ತೊಂದನೆಯವನು. ಮುಖವಾಡ ಒಂದೇ, ಮನುಷ್ಯ ಬೇರೆ ಎಂಬ ತತ್ತ್ವವನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಕಾಮಿಕ್ಸ್ ಇನ್ನೊಂದಿಲ್ಲ. ಆದರೆ ಆ ಇಪ್ಪತ್ತೊಂದೂ ಮಂದಿ ಒಂದೇ ಬಿಳಿಯ ಮನೆತನದ ಗಂಡಸರು, ಕಾಯುತ್ತಿದ್ದ ಕಾಡು ಮಾತ್ರ ಕರಿಯರದ್ದು! ಲೀ ಫಾಕ್ 1936ರಲ್ಲಿ ಈ ಕಥೆಯನ್ನು ಆರಂಭಿಸಿದಾಗ ಕಡಲ್ಗಳ್ಳರಿಗೆ ‘ಸಿಂಗ್’ ಎಂಬ ಹೆಸರಿಟ್ಟಿದ್ದ. ಕಥೆ ನಡೆಯುವ ನಾಡಿನ ಹೆಸರು ಬಂಗಾಳವನ್ನು ಹೋಲುತ್ತಿತ್ತು. ಭಾರತದಲ್ಲಿ ಅಚ್ಚು ಮಾಡುವಾಗ ಸಂಪಾದಕರು ಕಡಲ್ಗಳ್ಳರನ್ನು ‘ಸಿಂಗ’ ಎಂದೂ ನಾಡನ್ನು ‘ಡೆಂಕಾಲಿ’ ಎಂದೂ ಮಾಡಿದರು. ಮೂಲದಲ್ಲಿ ನಾವೇ ಖಳರಾಗಿದ್ದ ಕಥೆಯನ್ನು ಎರಡು ಅಕ್ಷರ ತಿದ್ದಿ ನಮಗೆ ಓದಲು ಕೊಟ್ಟರು, ನಾವು ಫ್ಯಾಂಟಮ್‌ನ ಪಕ್ಷ ವಹಿಸಿ ಸಂತೋಷದಿಂದ ಓದಿದೆವು. 1976ರಲ್ಲಿ ಆಬಿದ್ ಸುರತಿ ಅದೇ ಮಾಲೆಗೆ ‘ಬಹಾದೂರ್’ನನ್ನು ಸೃಷ್ಟಿಸಿದರು. ಕಾವಿಬಣ್ಣದ ಕುರ್ತಾ, ಕೆಳಗೆ ಜೀನ್ಸ್. ಚಂಬಲ್ ಕಣಿವೆಯ ಡಕಾಯಿತರ ಎದುರು ಅವನ ಹೋರಾಟ. ಇಂದ್ರಜಾಲ 1990ರಲ್ಲಿ ನಿಂತುಹೋಯಿತು.

ಬೆಂಗಳೂರಿನ ಕೈಗೆ ಲೇಖನಿ ಎರಡನೆಯ ಸಲ ಬಂದದ್ದು 2004ರಲ್ಲಿ. ಅಮೆರಿಕದ ಕಾಮಿಕ್ಸ್‌ಗಳನ್ನು ಭಾರತದಲ್ಲಿ ಪ್ರಕಟಿಸುತ್ತಿದ್ದ ಗೋಥಮ್ ಸಂಸ್ಥೆಗೆ ಮಾರ್ವೆಲ್‌ನಿಂದ ಒಂದು ಅಪರೂಪದ ಅನುಮತಿ ಸಿಕ್ಕಿತು: ಸ್ಪೈಡರ್‌ಮ್ಯಾನ್‌ನನ್ನು ಭಾರತೀಯನನ್ನಾಗಿ ಮಾಡಿ. ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಬೆಂಗಳೂರಿನ ಕಲಾವಿದ ಜೀವನ್ ಜೆ. ಕಾಂಗ್ ಸೇರಿ ಪವಿತ್ರ ಪ್ರಭಾಕರ್ ಎಂಬ ಹುಡುಗನನ್ನು ರೂಪಿಸಿದರು. ಪೀಟರ್ ಪಾರ್ಕರ್ ಎಂಬುದರ ಧ್ವನಿಯೇ ಅದರಲ್ಲಿದೆ. ಮೇರಿ ಜೇನ್ ಎಂಬ ಗೆಳತಿ ಮೀರಾ ಜೈನ್ ಆದಳು. ಚಿಕ್ಕಪ್ಪ ಬೆನ್ ಭೀಮನಾದ, ಚಿಕ್ಕಮ್ಮ ಮೇ ಮಾಯಾ ಆದಳು. ಪವಿತ್ರ ಹಳ್ಳಿಯ ಹುಡುಗ, ವಿದ್ಯಾರ್ಥಿವೇತನ ಪಡೆದು ಮುಂಬಯಿಗೆ ಓದಲು ಬಂದವನು. ಸೊಂಟದ ಮೇಲೆ ಪರಿಚಿತ ಕೆಂಪು ನೀಲಿಯ ಜೇಡನ ಉಡುಪು, ಕೆಳಗೆ ಬಿಳಿಯ ಕಚ್ಚೆಪಂಚೆ. ನಾಲ್ಕು ಸಂಚಿಕೆಗಳು ಬಂದವು.

ಸ್ಪೈಡರ್‌ಮ್ಯಾನ್‌ನನ್ನು ಹೀಗೆ ಬದಲಿಸುವುದು ಸೂಪರ್‌ಮ್ಯಾನ್‌ನನ್ನು ಬದಲಿಸುವುದಕ್ಕಿಂತ ಸುಲಭ. ಸೂಪರ್‌ಮ್ಯಾನ್‌ನ ಮುಖ ತೆರೆದೇ ಇರುತ್ತದೆ. ಜೇಡನ ಉಡುಪು ಮೈಯನ್ನೆಲ್ಲ ಮುಚ್ಚುತ್ತದೆ, ಬೆರಳಿನ ತುದಿಯಷ್ಟು ಚರ್ಮವೂ ಕಾಣದು. ಒಳಗೆ ತಾನೇ ಇದ್ದೇನೆಂದು ಯಾವ ಜನಾಂಗದ ಮಗುವಾದರೂ ಕಲ್ಪಿಸಿಕೊಳ್ಳಬಹುದು ಎಂದು ಅವನ ಸೃಷ್ಟಿಕರ್ತರಲ್ಲಿ ಒಬ್ಬನಾದ ಸ್ಟಾನ್ ಲೀ ಹೇಳುತ್ತಿದ್ದುದುಂಟು.

ಗೋಥಮ್‌ನವರು ಇದು ಅನುವಾದವಲ್ಲ, ಮರುಸೃಷ್ಟಿ ಎಂದು ಹೆಮ್ಮೆಯಿಂದ ಹೇಳಿಕೊಂಡರು. ಕನ್ನಡದಲ್ಲಿ ಇದಕ್ಕೆ ರೂಪಾಂತರ ಎಂಬ ಹಳೆಯ ಮಾತಿದೆ, ಅಳತೆಗೋಲೂ ಇದೆ. ಬಿ.ಎಂ.ಶ್ರೀ. ಅವರು 1929ರಲ್ಲಿ ಗ್ರೀಕ್ ನಾಟಕಕಾರ ಸೊಫೋಕ್ಲಿಸನ ‘ಏಜಾಕ್ಸ್’ ನಾಟಕವನ್ನು ಕನ್ನಡಕ್ಕೆ ತಂದಾಗ ಏಜಾಕ್ಸನಿಗೆ ಪಂಚೆ ಉಡಿಸಿ ಕೂರಿಸಲಿಲ್ಲ. ಅವಮಾನದಿಂದ ಮತಿಗೆಟ್ಟು, ರಾತ್ರಿಯಲ್ಲಿ ಕತ್ತಿ ಹಿರಿದು, ಬೆಳಗಾದಾಗ ತನ್ನನ್ನು ತಾನೇ ಸಹಿಸಲಾರದ ವೀರನೊಬ್ಬ ನಮ್ಮ ಕಥೆಗಳಲ್ಲಿ ಎಲ್ಲಿದ್ದಾನೆ ಎಂದು ಹುಡುಕಿದರು. ಅಶ್ವತ್ಥಾಮ ಸಿಕ್ಕಿದ. ನಾಟಕದ ಹೆಸರೇ ‘ಅಶ್ವತ್ಥಾಮನ್’ ಆಯಿತು.

ಈ ಅಳತೆಗೋಲಿನಲ್ಲಿ ಪವಿತ್ರ ಪ್ರಭಾಕರನನ್ನು ಅಳೆದರೆ ಎರಡು ಬಗೆಯ ಫಲ ಸಿಗುತ್ತದೆ. ಹಳ್ಳಿಯಿಂದ ಬಂದವನೆಂದು ನಗರದ ಸಹಪಾಠಿಗಳು ಹೀಯಾಳಿಸುವುದು, ಅಲ್ಪ ಆದಾಯದ ಚಿಕ್ಕಪ್ಪ ಅವನ ಓದಿಗಾಗಿ ಊರು ಬಿಟ್ಟು ಬರುವುದು ನಮ್ಮ ನೆಲದ್ದೇ. ಬೆಂಗಳೂರಿನ ವಿದ್ಯಾರ್ಥಿನಿಲಯಗಳಲ್ಲಿ, ವಾರಾನ್ನದ ಮನೆಗಳಲ್ಲಿ ಇದ್ದು ಓದಿದ ಎಷ್ಟೋ ಹುಡುಗರ ಕಥೆ ಅದು. ಆದರೆ ಶಕ್ತಿ ಬಂದ ಬಗೆಯನ್ನು ನೋಡಿ. 1962ರ ಪೀಟರ್‌ನನ್ನು ಕಚ್ಚಿದ್ದು ಪ್ರಯೋಗಶಾಲೆಯಲ್ಲಿ ವಿಕಿರಣ ತಗುಲಿದ ಜೇಡ. ಅಣುಬಾಂಬಿನ ಕಾಲದ ಅಮೆರಿಕದ ಭಯ ಅದರಲ್ಲಿತ್ತು. ಪವಿತ್ರನಿಗೆ ಶಕ್ತಿ ಕೊಡುವವನು ಒಬ್ಬ ಪುರಾತನ ಯೋಗಿ. ಖಳನಾಯಕನೂ ಅಷ್ಟೆ, ನಳಿನ್ ಒಬೆರಾಯ್ ಎಂಬ ಉದ್ಯಮಿ ತಾಯಿತವೊಂದರ ಮಹಿಮೆಯಿಂದ ರಾಕ್ಷಸನಾಗುತ್ತಾನೆ. ಮಲ್ಲೇಶ್ವರದ ಮಗ್ಗುಲಲ್ಲೇ 1909ರಿಂದ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಸಂಜೆ ಹದಿನೆಂಟನೇ ಅಡ್ಡರಸ್ತೆಯಲ್ಲಿ ನಡೆದುಹೋದರೆ ಎದುರಿಗೆ ನಾಲ್ಕಾರು ವಿಜ್ಞಾನಿಗಳು ಸಿಕ್ಕಾರು. ಇಂಥ ಊರಿನಲ್ಲಿ ಕುಳಿತು ಬರೆದರೂ ಭಾರತದ ಹುಡುಗನೊಬ್ಬ ಪ್ರಯೋಗಶಾಲೆಯಲ್ಲಿ ಜೇಡನಿಂದ ಕಚ್ಚಿಸಿಕೊಂಡಾನೆಂದು ಹೊಳೆಯಲಿಲ್ಲ! ವಿದೇಶೀಯರು ಭಾರತದಲ್ಲಿ ಏನನ್ನು ಹುಡುಕುತ್ತಾರೋ ಅದನ್ನೇ ಇಲ್ಲಿನವರೂ ಒದಗಿಸಿದರು. ಇನ್ನೂ ಒಂದು ಮಾತಿದೆ. ಬೆಂಗಳೂರಿನ ಕಲಾವಿದ ಬರೆದ ವೀರ ಮುಂಬಯಿಯ ಮಹಡಿಗಳ ಮೇಲೆ ಹಾರುತ್ತಾನೆ, ಇಂಗ್ಲಿಷಿನಲ್ಲಿ ಮಾತಾಡುತ್ತಾನೆ. ಭಾರತ ಎಂದರೆ ಮುಂಬಯಿ ಎಂಬ ಈ ತಿಳಿವಳಿಕೆ ನ್ಯೂಯಾರ್ಕಿನಲ್ಲಿ ಮಾತ್ರ ಇರುವುದಲ್ಲ.

ಪವಿತ್ರ ಪ್ರಭಾಕರ್ ಸುಮಾರು ಎರಡು ದಶಕ ಹೆಚ್ಚು ಜನರ ಕಣ್ಣಿಗೆ ಬೀಳದೆ ಇದ್ದ. 2023ರ ಜೂನ್‌ನಲ್ಲಿ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಎಂಬ ಆನಿಮೇಷನ್ ಚಿತ್ರ ತೆರೆಕಂಡಿತು. ಅದರ ನಾಯಕ ಮೈಲ್ಸ್ ಮೊರಾಲೆಸ್. ಅವನು ಲೋಕಲೋಕಗಳನ್ನು ಹಾದು ‘ಮುಂಬಾಟನ್’ ಎಂಬ ನಗರಕ್ಕೆ ಬರುತ್ತಾನೆ. ಮುಂಬಯಿಯನ್ನೂ ನ್ಯೂಯಾರ್ಕಿನ ಮ್ಯಾನ್‌ಹಾಟನ್ನನ್ನೂ ಕೂಡಿಸಿ ಕಟ್ಟಿದ ಹೆಸರು. ಅಲ್ಲಿ ಪವಿತ್ರ ಎದುರಾಗುತ್ತಾನೆ. ಉಡುಪಿನಲ್ಲಿ ಹಳೆಯ ಕಚ್ಚೆಯ ನೆನಪು ಉಳಿದಿದ್ದರೂ ಇವನು ಹಳ್ಳಿಯಿಂದ ಬಂದು ಅಂಜುವ ಹುಡುಗನಲ್ಲ. ಉತ್ಸಾಹಿ, ಮಾತುಗಾರ, ತನ್ನ ಊರಿನಲ್ಲಿ ತಾನೇ ರಾಜ. ಹೊರಗಿನಿಂದ ಬಂದ ಮೈಲ್ಸ್ ‘ಚಾಯ್ ಟೀ’ ಎಂದಾಗ, ಚಾಯ್ ಅಂದರೇ ಟೀ ಕಣಯ್ಯಾ ಎಂಬ ಅರ್ಥದಲ್ಲಿ ಹರಿಹಾಯುತ್ತಾನೆ. ಊರು ತೋರಿಸುವಾಗ ಬ್ರಿಟಿಷರು ಕದ್ದೊಯ್ದ ವಸ್ತುಗಳ ಮಾತನ್ನೂ ತೆಗೆದು ಚುಚ್ಚುತ್ತಾನೆ. 2004ರ ಪವಿತ್ರನನ್ನು ಹೊರಗಿನವರಿಗೆ ಪ್ರದರ್ಶನಕ್ಕೆಂದು ಸಿಂಗರಿಸಲಾಗಿತ್ತು, 2023ರ ಪವಿತ್ರ ಹೊರಗಿನವನನ್ನು ತಿದ್ದುತ್ತಾನೆ. ನಿಜವಾದ ಬದಲಾವಣೆ ಇದು. ಪಂಚೆ, ಯೋಗಿ, ತಾಯಿತಗಳಿಂದ ಬಂದದ್ದಲ್ಲ, ಮಾತಿನ ಧಾಟಿಯಿಂದ ಬಂದದ್ದು.

ಆ ಮುಂಬಾಟನ್ ನಗರದ ಬಣ್ಣ, ಗೆರೆಗಳಿಗೆ 1970ರ ದಶಕದ ಇಂದ್ರಜಾಲ ಕಾಮಿಕ್ಸ್‌ನ ಮುದ್ರಣವನ್ನು ಮಾದರಿಯಾಗಿ ಇಟ್ಟುಕೊಂಡಿದ್ದೆವೆಂದು ಚಿತ್ರ ತಯಾರಿಸಿದವರು ಹೇಳಿದ್ದಾರೆ. ಸರ್ಕ್ಯುಲೇಟಿಂಗ್ ಲೈಬ್ರರಿಯ ಆ ಅಗ್ಗದ ಕಾಗದ, ಗೆರೆ ಮೀರಿ ಹರಡಿದ ಶಾಯಿ ಹಾಲಿವುಡ್‌ಗೆ ಮಾದರಿಯಾದೀತೆಂದು ಯಾರು ನೆನೆದಿದ್ದರು?

ಈ ಚಿತ್ರ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಿಡುಗಡೆಯಾಯಿತು. ಅವುಗಳಲ್ಲಿ ಕನ್ನಡವೂ ಒಂದು. ಇದನ್ನು ಓದಿ ಸುಮ್ಮನೆ ಮುಂದೆ ಹೋಗುವಂತಿಲ್ಲ, ಏಕೆಂದರೆ ಕನ್ನಡ ಆ ಪಟ್ಟಿಗೆ ಸೇರಲು ಅರ್ಧ ಶತಮಾನ ಹಿಡಿಯಿತು. 1960ರ ದಶಕದಲ್ಲಿ ಡಬ್ಬಿಂಗ್ ಚಿತ್ರಗಳ ವಿರುದ್ಧ ಚಳವಳಿ ನಡೆದಾಗ ಅದರ ಮುಂಚೂಣಿಯಲ್ಲಿ ಅ.ನ.ಕೃ., ಮ. ರಾಮಮೂರ್ತಿ ಅವರಂಥವರಿದ್ದರು, ನಟ ರಾಜಕುಮಾರ್ ಇದ್ದರು. ಆಗ ಕನ್ನಡ ಚಿತ್ರರಂಗ ಎಳೆಯ ಕೂಸು, ಕೆಲಸವೆಲ್ಲ ನಡೆಯುತ್ತಿದ್ದದ್ದು ಮದರಾಸಿನಲ್ಲಿ. ಬೇರೆ ಭಾಷೆಯ ಚಿತ್ರಕ್ಕೆ ಅಗ್ಗದಲ್ಲಿ ಕನ್ನಡದ ಮಾತು ಅಂಟಿಸಿ ಬಿಟ್ಟರೆ ಇಲ್ಲಿನ ಕಲಾವಿದರಿಗೆ ಅನ್ನವಿಲ್ಲ ಎಂಬ ಅಳಲು ನಿಜವಾದದ್ದಾಗಿತ್ತು. ಆ ಒತ್ತಡದಿಂದ ಒಳ್ಳೆಯದೂ ಆಯಿತು. ಜೇಮ್ಸ್ ಬಾಂಡ್ ಕನ್ನಡ ಮಾತಾಡುವಂತಿಲ್ಲ ಎಂದಾಗ ದೊರೆ-ಭಗವಾನ್ ಜೋಡಿ 1968ರಲ್ಲಿ ರಾಜಕುಮಾರ್ ಅವರನ್ನೇ ಸಿಐಡಿ 999 ಮಾಡಿ ನಮ್ಮದೇ ಬಾಂಡ್ ಚಿತ್ರ ಕೊಟ್ಟಿತು. ಅದರ ಹೆಸರು ‘ಜೇಡರ ಬಲೆ’. ಸ್ಪೈಡರ್‌ಮ್ಯಾನ್‌ನ ದೊಡ್ಡ ಹಾಲಿವುಡ್ ಚಿತ್ರ ಬರುವುದಕ್ಕೆ ಇನ್ನೂ 34 ವರ್ಷ ಇತ್ತು!

ಆದರೆ ಚಿತ್ರರಂಗ ಬೆಳೆದು ನಿಂತ ಮೇಲೂ ಬೇಲಿ ಹಾಗೆಯೇ ಉಳಿಯಿತು. ಅದರ ನಷ್ಟ ಮಕ್ಕಳ ಪಾಲಿಗೆ ಬಂತು. 2002ರ ‘ಸ್ಪೈಡರ್‌ಮ್ಯಾನ್’ ಹಿಂದಿ, ತಮಿಳು, ತೆಲುಗುಗಳಲ್ಲಿ ಬಂತು. 2007ರಲ್ಲಿ ಮೂರನೆಯ ಭಾಗ ಭೋಜಪುರಿಯಲ್ಲೂ ಬಂತು. ಕನ್ನಡದಲ್ಲಿ ಬರಲಿಲ್ಲ. ಇಂಗ್ಲಿಷ್ ಶಾಲೆಯ ಮಗು ಮೂಲದಲ್ಲೇ ನೋಡಿತು. ಕನ್ನಡ ಶಾಲೆಯ ಮಗು ತೆಲುಗಿನಲ್ಲೋ ಹಿಂದಿಯಲ್ಲೋ ನೋಡಿ, ಅದ್ಭುತಗಳೆಲ್ಲ ಬೇರೆಯವರ ಭಾಷೆಯಲ್ಲಿ ಮಾತ್ರ ನಡೆಯುತ್ತವೆಂದು ಕಲಿತುಕೊಂಡಿತು. ಬಡಮಕ್ಕಳ ಬಾಯಿಗೆ ಬಿದ್ದ ಬೀಗ ಇದು ಎಂದರೆ ಕಟುವಾದೀತು, ಸುಳ್ಳಾಗದು. ಕಿರುತೆರೆಯಲ್ಲಿ 2009ರಲ್ಲಿ ಆರಂಭವಾದ ಚಿಂಟು ವಾಹಿನಿಯಲ್ಲಿ ಕಾರ್ಟೂನುಗಳು ಕನ್ನಡ ಮಾತಾಡತೊಡಗಿದಾಗ ಮಕ್ಕಳು ಅದನ್ನು ಹೇಗೆ ಅಂಟಿಕೊಂಡು ನೋಡಿದರೆಂಬುದು ಆ ಕಾಲದ ತಾಯಂದಿರಿಗೆ ಗೊತ್ತು.

ಕನ್ನಡ ಗ್ರಾಹಕರ ಕೂಟ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ದೂರು ಒಯ್ದಿತು. 2015ರ ಜುಲೈನಲ್ಲಿ ಆಯೋಗ, ಡಬ್ಬಿಂಗ್ ತಡೆಯುವುದು ಸ್ಪರ್ಧೆಯ ಕಾನೂನಿಗೆ ವಿರುದ್ಧವೆಂದು ಹೇಳಿ ಚಿತ್ರರಂಗದ ಸಂಘಟನೆಗಳಿಗೆ ದಂಡ ವಿಧಿಸಿತು. 2017ರಿಂದ ಡಬ್ಬಿಂಗ್ ಚಿತ್ರಗಳು ಮತ್ತೆ ಚಿತ್ರಮಂದಿರಕ್ಕೆ ಬಂದವು. 2022ರ ಹೊತ್ತಿಗೆ ಡಾಕ್ಟರ್ ಸ್ಟ್ರೇಂಜ್, ಥಾರ್ ಮೊದಲಾದವರು ಕನ್ನಡ ಕಲಿತರು. ಅವರ ಕನ್ನಡ ಕೆಲವು ಸಲ ಶಾಲೆಯ ವ್ಯಾಕರಣ ಪುಸ್ತಕದ ಹಾಗಿರುತ್ತದೆ ಎಂಬುದು ಬೇರೆ ಮಾತು. ಕಲಿಯುವವರು ಮೊದಲು ಹಾಗೆಯೇ ಮಾತಾಡುತ್ತಾರೆ.

ಹೀಗೆ ಕನ್ನಡ ಈಗ ಕೇಳುವ ಸಾಲಿಗೆ ಬಂದಿದೆ, ಹೇಳುವ ಸಾಲಿಗೆ ಇನ್ನೂ ಬಂದಿಲ್ಲ. ನೆರೆಯ ಮಲಯಾಳದವರು ಬಂದಿದ್ದಾರೆ. 2021ರ ‘ಮಿನ್ನಲ್ ಮುರಳಿ’ಯಲ್ಲಿ ಸಿಡಿಲು ಹೊಡೆದು ಶಕ್ತಿ ಪಡೆಯುವವನು ಹಳ್ಳಿಯ ಒಬ್ಬ ದರ್ಜಿ. ಅದಕ್ಕೆ ಯೋಗಿಯ ನೆರವು ಬೇಕಾಗಲಿಲ್ಲ. 2025ರ ಆಗಸ್ಟ್ 28ರಂದು ಬಂದ ‘ಲೋಕಃ’ ಚಿತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕೇರಳದ ಜನಪದ ಕಥೆಗಳಲ್ಲಿ ಕಳ್ಳಿಯಂಕಾಟ್ಟು ನೀಲಿ ಎಂಬವಳು ದಾರಿಹೋಕರ ರಕ್ತ ಹೀರುವ ಯಕ್ಷಿ. ನಿರ್ದೇಶಕ ಡೊಮಿನಿಕ್ ಅರುಣ್ ಅವಳನ್ನು ಅರಸನ ಕ್ರೌರ್ಯಕ್ಕೆ ತುತ್ತಾದ ಕಾಡಿನ ಜನರ ಮಗಳನ್ನಾಗಿ ಮಾಡಿ, ಚಂದ್ರಾ ಎಂಬ ಹೆಸರಿನಲ್ಲಿ ನಮ್ಮ ಕಾಲಕ್ಕೆ ತಂದರು. ಕುವೆಂಪು ಶಂಬೂಕನಿಗೆ ಮಾಡಿದ್ದನ್ನೇ ಅವರು ನೀಲಿಗೆ ಮಾಡಿದ್ದಾರೆ. ಕಲ್ಯಾಣಿ ಪ್ರಿಯದರ್ಶನ್ ನಟಿಸಿದ ಈ ಪಾತ್ರವನ್ನು ಜನ ಮುಗಿಬಿದ್ದು ನೋಡಿದರು.

ಚಂದ್ರಾ ಬಂದು ನೆಲೆಸುವ ಊರು ಯಾವುದು? ಬೆಂಗಳೂರು. ಕಾಮಿಕ್ಸ್‌ಗಳಲ್ಲಿ ನ್ಯೂಯಾರ್ಕಿಗೋ ಮುಂಬಯಿಗೋ ಸಿಗುತ್ತಿದ್ದ ಸ್ಥಾನ ಕೊನೆಗೂ ನಮ್ಮ ಊರಿಗೆ ಸಿಕ್ಕಿತು. ಅದು ವಲಸೆ ಬಂದು ಬಾಡಿಗೆಗೆ ಇರುವ ಯುವಕರ ಬೆಂಗಳೂರು. ಅದರಲ್ಲಿ ತಪ್ಪಿಲ್ಲ, ಬೆಂಗಳೂರು ಎಂದೂ ಬಂದವರ ಊರೇ. ತಪ್ಪಾದದ್ದು ಇನ್ನೊಂದು ಕಡೆ. ಈ ಊರಿನವನೆಂದು ಚಿತ್ರದಲ್ಲಿ ಎದ್ದು ಕಾಣುವವನು ಹೆಂಗಸರನ್ನು ದ್ವೇಷಿಸುವ ಒಬ್ಬ ದುಷ್ಟ ಪೊಲೀಸ್ ಅಧಿಕಾರಿ. ಬೆಂಗಳೂರಿನ ಹುಡುಗಿಯರ ನಡತೆಯ ಬಗ್ಗೆ ಅವನ ಬಾಯಲ್ಲಿ ಬಂದ ಒಂದು ಮಾತು ಇಲ್ಲಿನವರನ್ನು ಕೆರಳಿಸಿತು. ಖಳನ ಬಾಯಲ್ಲಿ ಖಳನ ಮಾತಲ್ಲದೆ ಇನ್ನೇನು ಬಂದೀತು ಎಂಬ ಸಮರ್ಥನೆಯೂ ಕೇಳಿಬಂತು. ಆ ಸಮರ್ಥನೆ ಲೀ ಫಾಕ್‌ನ ‘ಸಿಂಗ್’ ಕಡಲ್ಗಳ್ಳರಿಗೂ ಹೊಂದುತ್ತಿತ್ತು. ಒಂದು ಜನದ ಕಡೆಯಿಂದ ಕಥೆಯಲ್ಲಿ ಹತ್ತು ಮಂದಿ ಇದ್ದಾಗ ಒಬ್ಬ ಖಳನಿದ್ದರೆ ಯಾರಿಗೂ ನೋಯುವುದಿಲ್ಲ, ಇರುವವನು ಅವನೊಬ್ಬನೇ ಆದಾಗ ನೋಯುತ್ತದೆ. ನಿರ್ಮಾಣ ಸಂಸ್ಥೆ ಕೆಲವೇ ದಿನಗಳಲ್ಲಿ ಕರ್ನಾಟಕದ ಜನರ ಕ್ಷಮೆ ಕೇಳಿ ಆ ಮಾತನ್ನು ತೆಗೆಸುವುದಾಗಿ ಪ್ರಕಟಿಸಿತು.

ಅಧಿಕಾರಿಯ ಹೆಸರು ಮಾತ್ರ ನಾಚಿಯಪ್ಪ ಗೌಡ ಎಂದೇ ಉಳಿಯಿತು. ಯಾವ ಊರಿನ ಗೌಡರ ಮನೆಯಲ್ಲಿ ಮಗುವಿಗೆ ಈ ಹೆಸರಿಟ್ಟಾರು ಎಂದು ಕೇಳಬಲ್ಲ ಒಬ್ಬರೂ ಆ ಕಥೆ ಬರೆದ ಮೇಜಿನ ಸುತ್ತ ಇರಲಿಲ್ಲವೆಂದು ಕಾಣುತ್ತದೆ.